ನೀವಿಲ್ಲದ ಮನೆಯಲ್ಲಿ ಗಡಿಯಾರ ಓಡಬೇಕಾ? ಸಿಮ್ಸ್‌ನಲ್ಲಿ ಹಲವು ಮನೆಗಳನ್ನು ಸರದಿಯಲ್ಲಿ ಆಡುವವರಿಗೆ

ದಿ ಸಿಮ್ಸ್ ಅಂದರೆ ಮನೆ ಕಟ್ಟಿ, ಸಂಸಾರ ಹೂಡಿ, ಸಿಮ್ ಅನ್ನುವ ಪುಟ್ಟ ಮನುಷ್ಯರ ದಿನದಿನದ ಬದುಕನ್ನು ನಡೆಸುವ ಕಂಪ್ಯೂಟರ್ ಆಟ. ಅದನ್ನು ಆಡುವವರಿಗೆ ಒಂದು ದಿನ ಬಂದೇ ಬರುತ್ತದೆ. ಅಕ್ಕ ಮದುವೆಯಾಗಿ ಪಕ್ಕದ ಬೀದಿಗೆ ಹೋಗುತ್ತಾಳೆ. ತಮ್ಮ ಬೇರೆ ಊರಲ್ಲಿ ಮನೆ ಮಾಡುತ್ತಾನೆ. ಅಪ್ಪ ಅಮ್ಮ ಹಳೇ ಮನೆಯಲ್ಲೇ ಉಳಿಯುತ್ತಾರೆ. ಈಗ ಯಾರ ಜೊತೆ ಹೋಗುವುದು? ಮೂರೂ ಮನೆ ಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸಿದವರೇ ಸರದಿ ಆಟಕ್ಕೆ ಬರುತ್ತಾರೆ. ಒಂದು ಮನೆಯನ್ನು ಸ್ವಲ್ಪ ಕಾಲ ಆಡುವುದು, ಬಿಟ್ಟು ಮುಂದಿನ ಮನೆಗೆ ಹೋಗುವುದು, ಎಲ್ಲ ಮನೆ ಮುಗಿದ ಮೇಲೆ ಮತ್ತೆ ಮೊದಲ ಮನೆಗೆ ಬರುವುದು.

ಕೇಳೋಕೆ ಸುಲಭ. ಕೂತು ಆಡುವಾಗ ಗೊಂದಲ ಶುರುವಾಗುತ್ತದೆ. ಸಿಮ್ಸ್ 2 ಆಡಲಾ, 3 ಆಡಲಾ, 4 ಸಾಕಾ? ಒಂದು ಮನೆಗೆ ಎಷ್ಟು ದಿನ ಕೊಡಲಿ? ವಯಸ್ಸಾಗುವುದನ್ನು ನಿಲ್ಲಿಸಿಬಿಡಲಾ?

ನನಗೂ ಮೊದಲು ಇದ್ಯಾವುದೂ ಗೊತ್ತಿರಲಿಲ್ಲ. ಸಿಮ್ಸ್ 4ರ ವಿಲೋ ಕ್ರೀಕ್‌ನಲ್ಲಿ ಒಂದು ಹೊಸ ಸಂಸಾರ ಹೂಡಿ ಅದನ್ನೇ ಆಡುತ್ತಿದ್ದೆ. ಅದೇ ಊರಲ್ಲಿ ಗಾತ್ ಕುಟುಂಬ ಇದೆ. ಮಾರ್ಟಿಮರ್, ಬೆಲ್ಲಾ, ಮಗಳು ಕಸಾಂಡ್ರಾ, ಚಿಕ್ಕವನು ಅಲೆಕ್ಸಾಂಡರ್. ಆ ಮನೆಯನ್ನು ಆಮೇಲೆ ನಿಧಾನಕ್ಕೆ ಆಡೋಣ ಅಂತ ಎತ್ತಿಟ್ಟಿದ್ದೆ. ಒಂದು ದಿನ ಬಾಗಿಲು ತೆರೆದು ನೋಡಿದರೆ ಗಂಡ ಹೆಂಡತಿ ಇಬ್ಬರಿಗೂ ತಲೆ ನರೆತಿತ್ತು. ಅಲೆಕ್ಸಾಂಡರ್ ಯುವಕನಾಗಿ ನಿಂತಿದ್ದ. ಅವನ ಬಾಲ್ಯದ ಒಂದು ದಿನವನ್ನೂ ನಾನು ನೋಡಿರಲಿಲ್ಲ. ಆಡದ ಮನೆಗಳಿಗೂ ವಯಸ್ಸಾಗುವ ಸ್ವಿಚ್ಚು ಆನ್ ಆಗಿತ್ತು, ಅಷ್ಟೇ. ಆದರೂ ಆ ಸಂಜೆ ತುಂಬಾ ಬೇಜಾರಾಯಿತು. ಆಗ ಹೊಳೆದ ಪ್ರಶ್ನೆಯನ್ನೇ ಈ ಬರಹದ ತಲೆಗೆ ಇಟ್ಟಿದ್ದೇನೆ.

ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು

ನೀವು ಒಂದು ಮನೆಯನ್ನು ಬಿಟ್ಟು ಹೊರಟ ಮೇಲೆ ಅಲ್ಲಿ ಏನಾಗಬೇಕು? ಉತ್ತರ ಮೂರು ಥರ ಇರಬಹುದು. ಏನೂ ಆಗಬಾರದು, ನಾನು ಬರುವ ತನಕ ಎಲ್ಲ ಹಾಗೇ ಇರಲಿ ಅನ್ನುವುದು ಒಂದು. ವಯಸ್ಸು ಮಾತ್ರ ಆಗಲಿ, ಬದುಕಿನ ತೀರ್ಮಾನಗಳೆಲ್ಲ ನನ್ನವೇ ಅನ್ನುವುದು ಎರಡನೆಯದು. ಅವರ ಪಾಡಿಗೆ ಅವರು ಬದುಕಲಿ, ಕೆಲಸ ಬದಲಾಯಿಸಲಿ, ಮಕ್ಕಳಾಗಲಿ, ನಾನು ಬಂದಾಗ ಹೊಸ ಸುದ್ದಿ ಸಿಗಲಿ ಅನ್ನುವುದು ಮೂರನೆಯದು.

ಈ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಯಾಕೆಂದರೆ ಸಿಮ್ಸ್‌ನ ಒಂದೊಂದು ಭಾಗವೂ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತದೆ. ನಿಮ್ಮ ಉತ್ತರ ಒಂದು, ಆಟದ ಉತ್ತರ ಇನ್ನೊಂದು ಆದರೆ ಎಷ್ಟು ಒಳ್ಳೆ ಆಟವಾದರೂ ಸಿಟ್ಟು ಬರುತ್ತದೆ.

ಎರಡನೆಯದು ನಿಮ್ಮ ಬಿಡುವು. ಸಿಮ್ಸ್ 4ರಲ್ಲಿ ಸಾಮಾನ್ಯ ವೇಗದಲ್ಲಿ ಆಟದ ಒಂದು ನಿಮಿಷಕ್ಕೆ ನಮ್ಮ ಸುಮಾರು ಒಂದು ಸೆಕೆಂಡು. ಅಂದರೆ ಆಟದ ಒಂದು ದಿನಕ್ಕೆ ನಮ್ಮ 24 ನಿಮಿಷ. ಒಂದು ಮನೆಯನ್ನು ಒಂದು ವಾರ ಆಡಿದರೆ 2 ಗಂಟೆ 48 ನಿಮಿಷ. ಇಂಥ ನಾಲ್ಕು ಮನೆ ಇದ್ದರೆ ಒಂದು ಸುತ್ತಿಗೆ 11 ಗಂಟೆಯ ಮೇಲೆ. ನಿದ್ದೆ, ಆಫೀಸಿನ ಹೊತ್ತು ಇವನ್ನೆಲ್ಲ ವೇಗವಾಗಿ ಓಡಿಸುತ್ತೇವೆ, ಅದು ನಿಜ. ಆದರೆ ಬಿಲ್ಡ್ ಮೋಡ್‌ನಲ್ಲಿ ಗೋಡೆ ಒಡೆದು ಕಟ್ಟುತ್ತಾ ಕಳೆಯುವ ಹೊತ್ತೂ ಇರುತ್ತದಲ್ಲ. ವಾರಕ್ಕೆ ನಾಲ್ಕು ಗಂಟೆ ಸಿಗುವವರಿಗೆ ಹತ್ತು ಮನೆಯ ಸರದಿ ಅಂದರೆ ಒಂದು ಮನೆಗೆ ಮರಳಿ ಬರುವಷ್ಟರಲ್ಲಿ ಏಳು ವಾರ ಆಗಿರುತ್ತದೆ. ಅಷ್ಟರಲ್ಲಿ ಆ ಮಗುವಿನ ಹೆಸರೇ ಮರೆತಿರುತ್ತದೆ.

ಮೂರನೆಯದು ದುಡ್ಡು ಮತ್ತು ಕಂಪ್ಯೂಟರ್. ನಾಲ್ಕನೆಯದು ಲೆಕ್ಕ ಬರೆದಿಡುವ ತಾಳ್ಮೆ. ಕೆಲವರಿಗೆ ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ವಯಸ್ಸು, ಯಾರ ಮನೆಗೆ ಯಾವ ವಾರ ಅಂತ ಗೆರೆ ಎಳೆದು ಬರೆಯುವುದೇ ಖುಷಿ. ಕೆಲವರಿಗೆ ಅದು ಆಫೀಸಿನ ಕೆಲಸದ ಹಾಗೆ ಕಾಣುತ್ತದೆ. ಇದರಲ್ಲಿ ಸರಿ ತಪ್ಪು ಅಂತ ಇಲ್ಲ. ನೀವು ಯಾವ ಥರದವರು ಅಂತ ತಿಳಿದಿದ್ದರೆ ಸಾಕು.

ಸಿಮ್ಸ್ 2: ಬಿಟ್ಟಲ್ಲೇ ನಿಂತಿರುವ ಮನೆಗಳು

2004ರಲ್ಲಿ ಬಂದ ಆಟ. ಸರದಿಯಲ್ಲಿ ಆಡುವವರು ಇವತ್ತಿಗೂ ಇದನ್ನು ಬಿಟ್ಟಿಲ್ಲ. ಕಾರಣ ಸರಳ. ಇದು ಹೆಚ್ಚುಕಡಿಮೆ ಸರದಿ ಆಟಕ್ಕೆ ಅಂತಲೇ ಮಾಡಿದ ಹಾಗಿದೆ. ನೀವು ಒಂದು ಮನೆಯಿಂದ ಮಧ್ಯಾಹ್ನ ಮೂರು ಗಂಟೆಗೆ ಹೊರಬಿದ್ದರೆ, ಆರು ತಿಂಗಳು ಬಿಟ್ಟು ಬಂದರೂ ಅಲ್ಲಿ ಮಧ್ಯಾಹ್ನ ಮೂರೇ ಗಂಟೆ. ಯಾರಿಗೂ ವಯಸ್ಸಾಗಿರುವುದಿಲ್ಲ. ಯಾರೂ ಕೆಲಸ ಕಳೆದುಕೊಂಡಿರುವುದಿಲ್ಲ. ನಿಮ್ಮ ಉತ್ತರ "ಏನೂ ಆಗಬಾರದು" ಅನ್ನುವುದಾದರೆ ಇದಕ್ಕಿಂತ ಒಳ್ಳೆಯದು ಇಲ್ಲ.

ಇದರ ಕಷ್ಟವೂ ಅಲ್ಲೇ ಇದೆ. ಊರಿಗೆಲ್ಲ ಒಂದೇ ಗಡಿಯಾರ ಇಲ್ಲ, ಮನೆಗೊಂದು ಗಡಿಯಾರ. ಪ್ಲೆಸೆಂಟ್‌ವ್ಯೂ ಊರಿನ ಡಸ್ಟಿನ್ ಬ್ರೋಕ್ ಮತ್ತು ಆ್ಯಂಜೆಲಾ ಪ್ಲೆಸೆಂಟ್ ಆಟದ ಶುರುವಿನಲ್ಲೇ ಪ್ರೀತಿಸುತ್ತಿರುತ್ತಾರೆ. ಇಬ್ಬರೂ ಹದಿಹರೆಯದವರು. ಬ್ರೋಕ್ ಮನೆಯಲ್ಲಿ ತಾಯಿ ಬ್ರ್ಯಾಂಡಿ ಬಸುರಿ, ಚಿಕ್ಕ ಮಗು ಬೇರೆ. ಕಷ್ಟದ ಸಂಸಾರ, ಹಾಗಾಗಿ ಆಡಲು ಶುರು ಮಾಡಿದರೆ ಬಿಡೋಕೆ ಮನಸ್ಸೇ ಬರುವುದಿಲ್ಲ. ಅದೇ ಮೋಹದಲ್ಲಿ ಹದಿನೈದು ದಿನ ಆಡಿಬಿಟ್ಟಿರೋ, ಡಸ್ಟಿನ್ ದೊಡ್ಡವನಾಗಿಬಿಡುತ್ತಾನೆ. ಆ ಕಡೆ ಆ್ಯಂಜೆಲಾ ಇನ್ನೂ ಅದೇ ಹುಡುಗಿ. ಇಬ್ಬರ ಪ್ರೀತಿ ಅಲ್ಲಿಗೆ ನಿಲ್ಲುತ್ತದೆ. ಯಾರ ತಪ್ಪೂ ಇಲ್ಲ, ಪಾಳಿ ತಪ್ಪಿದ್ದು ಅಷ್ಟೇ.

ಹಾಗಾಗಿ ಸಿಮ್ಸ್ 2ರಲ್ಲಿ ಎಲ್ಲ ಮನೆಗೂ ಸಮ ದಿನ ಕೊಡುವುದು ಬಹಳ ಮುಖ್ಯ. ನಾನು ಹೇಳುವುದು ಐದು ದಿನ. ಲೆಕ್ಕ ನೋಡಿ. ಹಸುಗೂಸು 3 ದಿನ, ಅಂಬೆಗಾಲಿನ ಮಗು 4 ದಿನ, ಶಾಲೆಯ ಮಗು 8 ದಿನ. ಮೂರೂ ಸೇರಿ 15. ಹದಿಹರೆಯ ಇನ್ನೊಂದು 15. ದೊಡ್ಡವರ ಕಾಲ 29. ಐದೈದು ದಿನದ ಪಾಳಿಯಲ್ಲಿ ಹುಟ್ಟಿದ ಮಗು ಮೂರು ಸುತ್ತಿಗೆ ಹದಿಹರೆಯಕ್ಕೆ ಬರುತ್ತದೆ, ಇನ್ನು ಮೂರು ಸುತ್ತಿಗೆ ದೊಡ್ಡದಾಗುತ್ತದೆ, ಆಮೇಲೆ ಆರು ಸುತ್ತು ಸಂಸಾರ. ಪ್ಯಾಕ್ ಅಂದರೆ ಮೂಲ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಭಾಗ. 2007ರಲ್ಲಿ ಬಂದ ಸೀಸನ್ಸ್ ಪ್ಯಾಕ್‌ನಲ್ಲಿ ಒಂದೊಂದು ಋತುವೂ ಐದೇ ದಿನ. ಅಂದರೆ ಒಂದು ಪಾಳಿ ಅಂದರೆ ಒಂದು ಋತು. ಎಲ್ಲ ಮನೆಗೂ ವಸಂತ ಮುಗಿಸಿ, ಆಮೇಲೆ ಎಲ್ಲ ಮನೆಗೂ ಬೇಸಿಗೆ. ಇಷ್ಟು ಚೆನ್ನಾಗಿ ಕೂಡಿಬರುವ ಲೆಕ್ಕವನ್ನು ಬೇರೆ ಯಾವ ಆಟದಲ್ಲೂ ನಾನು ಕಂಡಿಲ್ಲ.

ಕಾಲೇಜು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಯೂನಿವರ್ಸಿಟಿ ಪ್ಯಾಕ್‌ನಲ್ಲಿ ಎಂಟು ಸೆಮಿಸ್ಟರ್, ಒಂದೊಂದಕ್ಕೆ 72 ಗಂಟೆ. ಒಟ್ಟು 24 ದಿನ. ಮಗಳು ಅಲ್ಲಿ ಡಿಗ್ರಿ ಮುಗಿಸುವಷ್ಟು ಹೊತ್ತೂ ಊರಲ್ಲಿ ಅಪ್ಪ ಅಮ್ಮನಿಗೆ ಒಂದು ದಿನವೂ ಆಗಿರುವುದಿಲ್ಲ. ನಾನು ಊರಿನ ಒಂದು ಸುತ್ತಿಗೆ ನಾಲ್ಕು ಸೆಮಿಸ್ಟರ್ ಅಂತ ಇಟ್ಟುಕೊಂಡಿದ್ದೇನೆ. ಎರಡು ಸುತ್ತಿಗೆ ಕಾಲೇಜು ಮುಗಿಯುತ್ತದೆ, ಮನೆಯಲ್ಲಿ ಹತ್ತು ದಿನ ಕಳೆದಿರುತ್ತದೆ. ಮಗಳು ವಾಪಸ್ ಬಂದಾಗ ತಮ್ಮ ಒಂದಷ್ಟು ಬೆಳೆದಿರುತ್ತಾನೆ. ನೋಡೋಕೆ ಚೆಂದ.

ಇನ್ನೊಂದು ಎಚ್ಚರ. ಸಿಮ್ಸ್ 2ರ ಊರುಗಳು ಸೂಕ್ಷ್ಮ. ಸತ್ತವರ ಸಮಾಧಿ ಕಲ್ಲನ್ನು ಅಳಿಸಬೇಡಿ, ಸಿಮ್‌ಗಳನ್ನು ಸುಮ್ನೆ ಡಿಲೀಟ್ ಮಾಡಬೇಡಿ. ಸಂಬಂಧಗಳ ಕೊಂಡಿ ಕಳಚಿ ಊರೇ ಕೆಡುತ್ತಾ ಹೋಗುತ್ತದೆ. ಒಂದೊಂದು ಸುತ್ತು ಮುಗಿದ ಮೇಲೂ ನೇಬರ್‌ಹುಡ್ಸ್ ಅನ್ನುವ ಫೋಲ್ಡರನ್ನು ಕಾಪಿ ಮಾಡಿ ಬೇರೆ ಕಡೆ ಇಡಿ. ಅದರೊಳಗೆ ಎನ್001 ಅಂದರೆ ಪ್ಲೆಸೆಂಟ್‌ವ್ಯೂ, ಎನ್002 ಸ್ಟ್ರೇಂಜ್‌ಟೌನ್, ಎನ್003 ವೆರೋನಾವಿಲ್. ಹತ್ತು ಸುತ್ತು ಆಡಿದ ಊರು ಕೆಟ್ಟರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಬೆಲೆಯ ಮಾತು. ಸರಣಿಗೆ 25 ವರ್ಷ ತುಂಬಿದಾಗ, 2025ರ ಜನವರಿ ಕೊನೆಗೆ, ವಿಂಡೋಸ್‌ಗೆ ಲೆಗಸಿ ಕಲೆಕ್ಷನ್ ಬಂತು. ಐಕಿಯಾ ಪ್ಯಾಕ್ ಒಂದು ಬಿಟ್ಟು ಉಳಿದ ಪ್ಯಾಕ್‌ಗಳೆಲ್ಲ ಒಟ್ಟಿಗೆ ಸಿಗುತ್ತವೆ. ಒಂದೇ ಸಲ ದುಡ್ಡು ಕೊಟ್ಟರೆ ಮುಗಿಯಿತು, ಮುಂದೆ ಕೊಳ್ಳೋಕೆ ಏನೂ ಉಳಿದಿರುವುದಿಲ್ಲ. ಹಳೇ ಕಾಲದ ಆಟವಾದ್ದರಿಂದ ಭಾರಿ ಗ್ರಾಫಿಕ್ಸ್ ಕಾರ್ಡೂ ಬೇಡ.

ಸಿಮ್ಸ್ 3: ಊರೇ ಒಂದು ಹೊಳೆ

2009ರಲ್ಲಿ ಬಂದ ಸಿಮ್ಸ್ 3ರ ಮನಸ್ಸೇ ಬೇರೆ. ಇಲ್ಲಿ ಇಡೀ ಊರು ಒಟ್ಟಿಗೆ ಓಡುತ್ತದೆ. ನೀವು ಒಂದು ಮನೆಯಲ್ಲಿ ಅನ್ನ ಬೇಯಿಸುತ್ತಿದ್ದಾಗ ಮೂರು ಬೀದಿ ಆಚೆ ಇನ್ನೊಬ್ಬರು ಮದುವೆಯಾಗುತ್ತಿರುತ್ತಾರೆ. ಸ್ಟೋರಿ ಪ್ರೊಗ್ರೆಷನ್ ಅಂತ ಇದಕ್ಕೆ ಹೆಸರು. ಮೂರನೇ ಉತ್ತರ ಕೊಟ್ಟವರಿಗೆ, ಅಂದರೆ ಊರು ತನ್ನ ಪಾಡಿಗೆ ಬದುಕಲಿ ಅನ್ನುವವರಿಗೆ, ಈ ಆಟ ಬಹಳ ಹಿಡಿಸುತ್ತದೆ.

ಸರದಿ ಆಟಕ್ಕೆ ಮಾತ್ರ ಇದು ಕಷ್ಟದ ದಾರಿ. ಮನೆ ಬದಲಾಯಿಸಿದರೆ ಹಿಂದಿನ ಮನೆಯವರ ಆಸೆಗಳು, ಕೈಗೆ ಬಂದಿದ್ದ ಅವಕಾಶಗಳು ಹೋಗುತ್ತವೆ. ನೀವು ಪ್ರೀತಿಯಿಂದ ಕಟ್ಟಿದ ಸಂಸಾರ, ನೀವಿಲ್ಲದಾಗ ಊರು ಬಿಟ್ಟೇ ಹೋಗಿರಬಹುದು. ಸ್ಟೋರಿ ಪ್ರೊಗ್ರೆಷನ್ ಆಫ್ ಮಾಡಬಹುದು. ಆಗ ಊರಿನ ಜೀವ ಹೋದ ಹಾಗೆ. ನಡುವಿನ ದಾರಿ ಬೇಕೆಂದರೆ ಟ್ವಾಲನ್ ಬರೆದ ಎನ್‌ರಾಸ್ ಸ್ಟೋರಿ ಪ್ರೊಗ್ರೆಷನ್ ಅನ್ನುವ ಮಾಡ್, ಅಂದರೆ ಆಟಗಾರರೇ ಬರೆದು ಹಂಚುವ ಸೇರ್ಪಡೆ, ಹಾಕಿಕೊಳ್ಳಬೇಕು. ಯಾವ ಮನೆಯಲ್ಲಿ ಏನು ನಡೆಯಬಹುದು, ಏನು ನಡೆಯಬಾರದು ಅಂತ ಅದರಲ್ಲಿ ಹೇಳಬಹುದು. ಮೆನುಗಳು ಮಾತ್ರ ಸಿಕ್ಕಾಪಟ್ಟೆ ಉದ್ದ. ಒಂದು ಸಂಜೆ ಅದಕ್ಕೇ ಹೋಗುತ್ತದೆ.

ಆಯಸ್ಸಿನ ಆಯ್ಕೆ ಮಾತ್ರ ಇಲ್ಲಿ ಬಹಳ ಧಾರಾಳ. ನಾರ್ಮಲ್ ಅಂದರೆ ಸುಮಾರು 90 ದಿನ, ಎಪಿಕ್ ಅಂದರೆ 960 ದಿನ. ಎಲ್ಲರಿಗೂ ಒಟ್ಟಿಗೆ ವಯಸ್ಸಾಗುವ ಊರಲ್ಲಿ ಆರೇಳು ಮನೆ ಆಡಬೇಕಾದರೆ ಉದ್ದದ ಆಯಸ್ಸು ಬೇಕೇ ಬೇಕು. ಕಂಪ್ಯೂಟರ್ ಬಗ್ಗೆಯೂ ಯೋಚಿಸಿ. ತೆರೆದ ಊರನ್ನು ಪೂರ್ತಿ ನಡೆಸುವ ಆಟ ಇದು. ಪ್ಯಾಕ್ ಜಾಸ್ತಿ ಹಾಕಿದಷ್ಟೂ, ಸೇವ್ ಫೈಲ್ ದೊಡ್ಡದಾದಷ್ಟೂ ತಡವರಿಸುತ್ತದೆ. ಸರದಿ ಆಡುವವರ ಸೇವ್ ಫೈಲ್ ದೊಡ್ಡದಾಗದೆ ಇರುತ್ತದಾ?

ಎರಡು ಮೂರು ಮನೆ ಸಾಕು, ಉಳಿದ ಊರು ನನ್ನನ್ನು ಆಶ್ಚರ್ಯಪಡಿಸಲಿ ಅನ್ನುವವರು ಇದನ್ನು ಆರಿಸಿ. ಹತ್ತು ಮನೆಯ ಮೇಲೂ ಹಿಡಿತ ಬೇಕು ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಮೊಟ್ಟಮೊದಲ ಸಿಮ್ಸ್, ಅಂದರೆ 2000ದ ಆಟದ ಬಗ್ಗೆಯೂ ಒಂದು ಮಾತು. ಅಲ್ಲಿ ಮಕ್ಕಳು ದೊಡ್ಡವರಾಗುವುದೇ ಇಲ್ಲ. ಹಾಗಾಗಿ ವಯಸ್ಸಿನ ಲೆಕ್ಕದ ತಲೆನೋವು ಇಲ್ಲವೇ ಇಲ್ಲ. ತಲೆಮಾರುಗಳ ಕತೆ ಬೇಡ, ಬೀದಿಯ ನಾಲ್ಕು ಮನೆಯ ದಿನಚರಿ ಸಾಕು ಅನ್ನುವವರಿಗೆ ಅದು ಸೊಗಸು.

ಸಿಮ್ಸ್ 4: ಉತ್ತರವನ್ನು ನೀವೇ ಬರೆಯಬಹುದು

ಸಿಮ್ಸ್ 4 ಬಂದಿದ್ದು 2014ರಲ್ಲಿ. 2022ರ ಅಕ್ಟೋಬರ್‌ನಿಂದ ಇದರ ಮೂಲ ಆಟ ಉಚಿತ. ಸರದಿ ಆಟ ನಿಮಗೆ ಒಗ್ಗುತ್ತದಾ ಇಲ್ಲವಾ ಅಂತ ಒಂದು ರೂಪಾಯಿ ಖರ್ಚಿಲ್ಲದೆ ನೋಡಬೇಕೆಂದರೆ ಇಲ್ಲಿಂದಲೇ ಶುರು ಮಾಡಿ. ಪ್ಯಾಕ್ ಕೊಳ್ಳುವುದು ಆಮೇಲಿನ ಮಾತು. ಒಂದೊಂದಾಗಿ ಕೊಳ್ಳುತ್ತಾ ಹೋದರೆ ಈ ಸರಣಿಯಲ್ಲೇ ಜಾಸ್ತಿ ದುಡ್ಡು ತಿನ್ನುವುದೂ ಇದೇ, ನೆನಪಿರಲಿ.

ಇದರ ಮುಖ್ಯ ಗುಣ ಅಂದರೆ ಮೊದಲಿನ ಪ್ರಶ್ನೆಗೆ ಮೂರೂ ಉತ್ತರ ಇಲ್ಲಿ ಸಾಧ್ಯ. ಗೇಮ್ ಆಪ್ಷನ್ಸ್‌ನ ಒಳಗೆ ಗೇಮ್‌ಪ್ಲೇ ಅನ್ನುವ ಪುಟದಲ್ಲಿ ಆಟೋ ಏಜ್ ಅಂತ ಎರಡು ಆಯ್ಕೆ ಇವೆ. ಒಂದು ನೀವು ಆಡುವ ಮನೆಗಳಿಗೆ, ಇನ್ನೊಂದು ಆಡದ ಮನೆಗಳಿಗೆ. ಆಡುವ ಮನೆಗಳ ಆಯ್ಕೆಯಲ್ಲಿ "ಓನ್ಲಿ ಮೈ ಆ್ಯಕ್ಟಿವ್ ಹೌಸ್‌ಹೋಲ್ಡ್" ಅಂತ ಒಂದಿದೆ. ಅಂದರೆ ಈ ಹೊತ್ತಿನಲ್ಲಿ ನೀವು ಯಾರ ಮನೆಯಲ್ಲಿದ್ದೀರೋ ಅವರಿಗೆ ಮಾತ್ರ ವಯಸ್ಸು. ಸರದಿ ಆಟಕ್ಕೆ ಹೊಸಬರಾದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಇಡಿ. ಆಡದ ಮನೆಗಳ ಆಟೋ ಏಜ್ ಆಫ್ ಮಾಡಿ. ಗಾತ್ ಮನೆಯಲ್ಲಿ ನನಗಾದದ್ದು ನಿಮಗೆ ಆಗುವುದು ಬೇಡ.

ಆಮೇಲೆ ಮ್ಯಾನೇಜ್ ಹೌಸ್‌ಹೋಲ್ಡ್ಸ್‌ಗೆ ಹೋಗಿ, ನಿಮ್ಮ ಸರದಿಯ ಮನೆಗಳೆಲ್ಲ ಮೈ ಹೌಸ್‌ಹೋಲ್ಡ್ಸ್ ಪಟ್ಟಿಯಲ್ಲಿ ಇವೆಯಾ ಅಂತ ನೋಡಿ. ಇದು ಬರೀ ಅಂದಕ್ಕೆ ಇರುವ ಪಟ್ಟಿ ಅಂದುಕೊಳ್ಳಬೇಡಿ. ಆಟದಲ್ಲಿ ಒಟ್ಟು ಎಷ್ಟು ಸಿಮ್‌ಗಳು ಇರಬಹುದು ಅನ್ನುವುದಕ್ಕೆ ಮಿತಿ ಇದೆ. ಮಿತಿ ದಾಟಿದರೆ ಆಡದವರ ಪೈಕಿ ಕೆಲವರನ್ನು ಆಟವೇ ಅಳಿಸಿಹಾಕುತ್ತದೆ. ನಿಮ್ಮ ಪಟ್ಟಿಯಲ್ಲಿ ಇದ್ದವರು ಉಳಿಯುತ್ತಾರೆ. ಬೇರೆ ಊರಲ್ಲಿ ಮನೆ ಮಾಡಿಕೊಟ್ಟ ತಂಗಿ ಒಂದು ದಿನ ಕಾಣೆಯಾಗಬಾರದು ಅಂದರೆ ಈ ಕೆಲಸ ಮೊದಲು ಮುಗಿಸಿ.

ಮೂರನೇ ಉತ್ತರ ಕೊಟ್ಟವರಿಗೆ ನೇಬರ್‌ಹುಡ್ ಸ್ಟೋರೀಸ್ ಇದೆ. 2021ರ ಕೊನೆಗೆ ಬಂತು, 2022ರಲ್ಲಿ ಇನ್ನಷ್ಟು ಬೆಳೆಯಿತು. ನೀವಿಲ್ಲದಾಗ ಆ ಮನೆಯವರು ಕೆಲಸ ಬದಲಾಯಿಸಬಹುದಾ, ಮಗು ಆಗಬಹುದಾ, ನಾಯಿ ಸಾಕಬಹುದಾ, ಮನೆ ಖಾಲಿ ಮಾಡಬಹುದಾ ಅಂತ ಒಂದೊಂದನ್ನೂ ಮನೆ ಮನೆಗೆ ಬೇರೆ ಬೇರೆಯಾಗಿ ಗುರುತು ಹಾಕಬಹುದು. ನನಗೆ ಇದರಲ್ಲಿ ಹಿಡಿಸಿದ್ದು ಈ ಮನೆ ಮನೆಯ ಸ್ವಾತಂತ್ರ್ಯವೇ. ನಾನು ಆಡುವ ಐದು ಮನೆಗಳಲ್ಲಿ ಎಲ್ಲವನ್ನೂ ಆಫ್ ಮಾಡಿದ್ದೇನೆ. ಅಕ್ಕಪಕ್ಕದ ಮನೆಗಳಿಗೆ ಕೆಲಸ ಮತ್ತು ಮಕ್ಕಳು ಆನ್. ಹಾಗಾಗಿ ನನ್ನ ಮನೆಯ ಮಗು ಶಾಲೆಗೆ ಹೋಗುವ ಹೊತ್ತಿಗೆ ಓರಗೆಯ ಮಕ್ಕಳೂ ಬೀದಿಯಲ್ಲಿ ಇರುತ್ತಾರೆ.

ಇನ್ನೂ ಬೇಕು ಅನ್ನುವವರು ಡೆಡರ್‌ಪೂಲ್ ಅವರ ಎಂಸಿ ಕಮಾಂಡ್ ಸೆಂಟರ್ ಮಾಡ್ ಹಾಕಿಕೊಳ್ಳುತ್ತಾರೆ. ಅದು ಉಚಿತ. ಆಡದವರ ಮದುವೆ, ಬಸಿರು, ಖಾಲಿ ಮನೆಗೆ ಜನ ತುಂಬುವುದು ಎಲ್ಲವನ್ನೂ ಪರ್ಸೆಂಟ್ ಲೆಕ್ಕದಲ್ಲಿ ಹೇಳಬಹುದು. ಆದರೆ ಆಟಕ್ಕೆ ಪ್ಯಾಚ್, ಅಂದರೆ ಕಂಪನಿಯ ಹೊಸ ತಿದ್ದುಪಡಿ, ಬಂದಾಗಲೆಲ್ಲ ಮಾಡ್‌ಗಳು ತಾವಾಗಿ ಆಫ್ ಆಗುತ್ತವೆ, ಹೊಸ ಆವೃತ್ತಿ ಬರುವ ತನಕ ಕಾಯಬೇಕು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಆಡುವವರಿಗೆ ಮಾಡ್ ಸಿಗುವುದಿಲ್ಲ. ಅವರು ನೇಬರ್‌ಹುಡ್ ಸ್ಟೋರೀಸ್‌ನಲ್ಲೇ ತೃಪ್ತಿಪಡಬೇಕು. ನನ್ನ ಮಟ್ಟಿಗೆ ಅದು ಸಾಕಾಗಿದೆ.

ಸಿಮ್ಸ್ 4ರಲ್ಲಿ ಪಾಳಿ ಎಷ್ಟು ದಿನ?

ಇಲ್ಲಿ ಒಂದು ವಿಷಯ ಸಿಮ್ಸ್ 2ಕ್ಕೆ ಪೂರ್ತಿ ಉಲ್ಟಾ. ಸಿಮ್ಸ್ 4ರ ಒಂದು ಸೇವ್‌ಗೆ ಒಂದೇ ಕ್ಯಾಲೆಂಡರ್. ನೀವು ಯಾವ ಮನೆ ಆಡಿದರೂ ಎಲ್ಲರ ತಾರೀಖು ಮುಂದಕ್ಕೆ ಹೋಗುತ್ತದೆ. ವಯಸ್ಸನ್ನು ನಿಲ್ಲಿಸಬಹುದು, ಕ್ಯಾಲೆಂಡರ್ ನಿಲ್ಲಿಸಲು ಆಗುವುದಿಲ್ಲ. 2018ರ ಸೀಸನ್ಸ್ ಪ್ಯಾಕ್ ಇದ್ದವರಿಗೆ ಇದು ಬೇಗ ಗೊತ್ತಾಗುತ್ತದೆ.

ಋತುವಿಗೆ 7, 14, 28 ದಿನ ಅಂತ ಮೂರು ಆಯ್ಕೆ ಇವೆ. ನೀವು 7 ಇಟ್ಟುಕೊಂಡು, ನಾಲ್ಕು ಮನೆಯನ್ನು ವಾರ ವಾರ ಆಡಿದಿರಿ ಅಂದುಕೊಳ್ಳಿ. ಒಂದು ಸುತ್ತು 28 ದಿನ, ಅಂದರೆ ಸರಿಯಾಗಿ ಒಂದು ವರ್ಷ. ಏನಾಗುತ್ತದೆ ಗೊತ್ತಾ? ಮೊದಲ ಮನೆಗೆ ಯಾವಾಗಲೂ ವಸಂತ. ನಾಲ್ಕನೇ ಮನೆಗೆ ಯಾವಾಗಲೂ ಚಳಿಗಾಲ. ಆ ಮನೆಯ ಮಗು ಹುಟ್ಟಿದಾಗಿನಿಂದ ಮುದುಕನಾಗುವ ತನಕ ಹಿಮವನ್ನೇ ನೋಡುತ್ತದೆ. ನಾನು ಎರಡು ಸುತ್ತು ಆಡಿದ ಮೇಲೆ ಇದನ್ನು ಗಮನಿಸಿದ್ದು.

ಇದಕ್ಕೆ ಎರಡು ಪರಿಹಾರ ಇವೆ. ಋತು 7 ದಿನವೇ ಇರಲಿ ಅನ್ನುವವರು ಐದು ಮನೆ ಇಟ್ಟುಕೊಳ್ಳಿ. ಸುತ್ತಿಗೆ 35 ದಿನ. ಪ್ರತಿ ಸುತ್ತಿಗೂ ಪ್ರತಿ ಮನೆಗೂ ಮುಂದಿನ ಋತು ಬರುತ್ತದೆ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಋತುವನ್ನು 28 ದಿನಕ್ಕೆ ಇಟ್ಟು, ನಾಲ್ಕು ಮನೆಗೆ ಏಳೇಳು ದಿನ ಹಂಚುವುದು. ಒಂದು ಸುತ್ತು ಮುಗಿದರೆ ಒಂದು ಋತು ಮುಗಿಯಿತು. ನಾಲ್ಕೂ ಮನೆ ಒಂದೇ ಮಳೆಗಾಲವನ್ನು, ಒಂದೇ ಚಳಿಯನ್ನು ಕಾಣುತ್ತವೆ. ಏಳು ಮನೆ ಬೇಕಾದರೆ ತಲಾ ನಾಲ್ಕು ದಿನ. ಲೆಕ್ಕ ಸರಿಯಾಗುತ್ತದೆ, ಆದರೆ ನಾಲ್ಕು ದಿನ ಅಂದರೆ ಸ್ವಲ್ಪ ಅವಸರ ಅನ್ನಿಸುತ್ತದೆ. ಮನೆಯೊಳಗೆ ಕಾಲಿಟ್ಟು ಅವರ ಗುಂಗು ಹಿಡಿಯುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ.

28 ದಿನದ ಋತುವಿಗೆ ಒಂದು ಕೊರತೆ ಇದೆ. ಹಬ್ಬ ಒಂದೇ ದಿನ ಬರುತ್ತದೆ, ಆ ವಾರ ಪಾಳಿ ಇದ್ದ ಮನೆಗೆ ಮಾತ್ರ ಹಬ್ಬ. ಆಟದಲ್ಲೇ ಇರುವ ಹಾರ್ವೆಸ್ಟ್‌ಫೆಸ್ಟ್ ಅನ್ನುವ ಸುಗ್ಗಿ ಹಬ್ಬ ಯಾವಾಗಲೂ ಒಬ್ಬರದೇ ಪಾಲು ಆಗಬಾರದಲ್ಲ. ಕ್ಯಾಲೆಂಡರಿನಲ್ಲಿ ನಾವೇ ಹಬ್ಬ ಸೇರಿಸಬಹುದು. ನಾನು ವಸಂತದಲ್ಲಿ ಯುಗಾದಿ ಅಂತ ಹಬ್ಬ ಮಾಡಿ, ಗ್ರ್ಯಾಂಡ್ ಮೀಲ್ ಅನ್ನುವ ಆಚರಣೆ ಸೇರಿಸಿದೆ. ಒಂದೊಂದು ಮನೆಯ ವಾರಕ್ಕೂ ಒಂದೊಂದು ಹಬ್ಬ ಬರುವ ಹಾಗೆ ಹಂಚಿಟ್ಟಿದ್ದೇನೆ. ಅಣ್ಣನ ಮನೆಯ ಯುಗಾದಿಗೆ ತಂಗಿಯ ಮನೆಯವರನ್ನು ಊಟಕ್ಕೆ ಕರೆದಾಗ, ಬೇರೆ ಬೇರೆ ಆಡುತ್ತಿದ್ದ ಎರಡು ಮನೆ ಒಂದೇ ಮೇಜಿನ ಮುಂದೆ ಕೂರುತ್ತವೆ. ಸರದಿ ಆಟದಲ್ಲಿ ನನಗೆ ಸಿಗುವ ದೊಡ್ಡ ಸಂತೋಷ ಇದೇ.

ಸೀಸನ್ಸ್ ಪ್ಯಾಕ್ ಇಲ್ಲದವರು ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ವಾರಕ್ಕೊಂದು ಮನೆ, ಭಾನುವಾರ ರಾತ್ರಿ ಬದಲಾವಣೆ. ಅಷ್ಟೇ.

ದಿನದ ಲೆಕ್ಕವೇ ಬೇಡ ಅನ್ನುವವರಿಗೆ

ದಿನ ಎಣಿಸದೆ ಘಟನೆ ಹಿಡಿದು ಆಡುವವರೂ ಇದ್ದಾರೆ. ಒಂದು ಮನೆಯಲ್ಲಿ ಏನಾದರೂ ಒಂದು ದೊಡ್ಡದು ಆಗುವ ತನಕ ಆಡುವುದು. ಮದುವೆ, ಹೆರಿಗೆ, ಬಡ್ತಿ, ಸಾವು. ಅದು ಆದ ಕೂಡಲೇ ಮುಂದಿನ ಮನೆ. ಕತೆ ಬರೆಯುವ ಮನಸ್ಸಿನವರಿಗೆ ಇದು ಬಹಳ ಹೊಂದುತ್ತದೆ. ಪ್ರತಿ ಪಾಳಿಯೂ ಒಂದು ಅಧ್ಯಾಯದ ಹಾಗೆ ಇರುತ್ತದೆ. ನಷ್ಟ ಅಂದರೆ ವಯಸ್ಸು ಏರುಪೇರಾಗುವುದು. ಒಂದು ಮನೆಯಲ್ಲಿ ಎರಡೇ ದಿನಕ್ಕೆ ಹೆರಿಗೆ, ಇನ್ನೊಂದರಲ್ಲಿ ಇಪ್ಪತ್ತು ದಿನ ಆದರೂ ಬಡ್ತಿ ಇಲ್ಲ.

ಇದಕ್ಕೆ ಮದ್ದು ವಯಸ್ಸನ್ನು ಪೂರ್ತಿ ಆಫ್ ಮಾಡಿ ಕೈಯಾರೆ ಬೆಳೆಸುವುದು. ಸಿಮ್ಸ್ 4ರಲ್ಲಿ ಹುಟ್ಟುಹಬ್ಬದ ಕೇಕಿಗೆ ಮೇಣದಬತ್ತಿ ಹಚ್ಚಿ ಊದಿಸಿದರೆ ಮುಂದಿನ ವಯಸ್ಸಿಗೆ ಹೋಗುತ್ತಾರೆ. ಓರಗೆಯ ಮಕ್ಕಳಿಗೆಲ್ಲ ಒಂದೇ ಸುತ್ತಿನಲ್ಲಿ ಕೇಕು ಕತ್ತರಿಸಿದರೆ ಎಲ್ಲರೂ ಒಟ್ಟಿಗೆ ಹೈಸ್ಕೂಲಿಗೆ ಬರುತ್ತಾರೆ. ವಾರಕ್ಕೆ ಒಂದೆರಡು ಗಂಟೆ ಮಾತ್ರ ಸಿಗುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ. ಎಷ್ಟು ದಿನ ಬಿಟ್ಟು ಬಂದರೂ ಏನೂ ಕಳೆದುಹೋಗಿರುವುದಿಲ್ಲ. ಒಂದು ಮಾತು ಮಾತ್ರ ತಲೆಯಲ್ಲಿ ಇರಲಿ. ವಯಸ್ಸು ನಿಲ್ಲಿಸಿದರೆ ಅಜ್ಜ ಅಜ್ಜಿ ಮುಪ್ಪಿನಿಂದ ಸಾಯುವುದಿಲ್ಲ. ಅವರಿಗೆ ಯಾವಾಗ ಸಾಕು ಅನ್ನುವುದನ್ನೂ ನೀವೇ ತೀರ್ಮಾನಿಸಬೇಕು. ಆ ಭಾರ ಬೇಡ ಅನ್ನುವವರು ಅಜ್ಜ ಇರುವ ಮನೆಯ ಪಾಳಿಯಲ್ಲಿ ಮಾತ್ರ ವಯಸ್ಸನ್ನು ಆನ್ ಮಾಡಿ, ಹೊರಡುವಾಗ ಆಫ್ ಮಾಡಿ.

ಇದರ ಎದುರು ತುದಿಯಲ್ಲಿ ಎಲ್ಲ ಮನೆಗೂ ಒಟ್ಟಿಗೆ ವಯಸ್ಸಾಗಲಿ ಅನ್ನುವವರು ಇದ್ದಾರೆ. ನಿಜ ಜೀವನದ ಹಾಗೆ ಇರಲಿ, ತಪ್ಪಿಹೋದದ್ದು ತಪ್ಪಿಹೋಗಲಿ ಅಂತ. ಆ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಅವರಿಗೆ ಎರಡು ಸಲಹೆ. ಆಯಸ್ಸನ್ನು ಲಾಂಗ್‌ಗೆ ಇಡಿ, ಅದು ನಾರ್ಮಲ್‌ನ ನಾಲ್ಕು ಪಟ್ಟು. ಮನೆಗಳು ನಾಲ್ಕಕ್ಕಿಂತ ಹೆಚ್ಚು ಬೇಡ. ನಾಲ್ಕು ಮನೆ, ನಾಲ್ಕು ಪಟ್ಟು ಆಯಸ್ಸು ಅಂದರೆ ಪ್ರತಿ ಮನೆಯಲ್ಲೂ ನೀವು ಕಳೆಯುವ ದಿನ ಒಂದು ನಾರ್ಮಲ್ ಆಯಸ್ಸಿನಷ್ಟೇ ಆಗುತ್ತದೆ. ಎಂಟು ಮನೆ ಮಾಡಿದರೆ ಅದರ ಅರ್ಧ.

ಹಾಗಾದರೆ ಯಾವುದು?

ತಲೆಮಾರು ತಲೆಮಾರಾಗಿ ಹತ್ತು ಹನ್ನೆರಡು ಮನೆ ಬೆಳೆಸಬೇಕು, ಲೆಕ್ಕ ಬರೆಯುವುದು ಖುಷಿ, ವಿಂಡೋಸ್ ಕಂಪ್ಯೂಟರ್ ಇದೆ ಅಂದರೆ ಸಿಮ್ಸ್ 2, ಐದು ದಿನದ ಪಾಳಿ. ನಾನು ಇದನ್ನು ಎರಡನೇ ಯೋಚನೆ ಇಲ್ಲದೆ ಹೇಳುತ್ತೇನೆ. ದುಡ್ಡು ಹಾಕುವ ಮೊದಲು ನೋಡಬೇಕು, ಮ್ಯಾಕ್ ಇದೆ, ಅಥವಾ ಕನ್ಸೋಲ್‌ನಲ್ಲಿ ಆಡುತ್ತೀರಿ ಅಂದರೆ ಸಿಮ್ಸ್ 4. ಅದರಲ್ಲಿ ಆ್ಯಕ್ಟಿವ್ ಮನೆಗೆ ಮಾತ್ರ ವಯಸ್ಸು ಇಟ್ಟು ನಾಲ್ಕು ಮನೆ. ಕತೆಗಾರರಾದರೆ ಸಿಮ್ಸ್ 4ರಲ್ಲೇ ವಯಸ್ಸು ಆಫ್, ಘಟನೆಯ ಪಾಳಿ, ಕೇಕು. ಊರಿನ ಸುದ್ದಿಯೇ ಸೊಗಸು, ಮಾಡ್‌ಗಳ ಮೆನು ಓದುವ ತಾಳ್ಮೆಯೂ ಇದೆ ಅಂದರೆ ಸಿಮ್ಸ್ 3. ಒಂದರಲ್ಲಿ ಶುರು ಮಾಡಿ ಇನ್ನೊಂದಕ್ಕೆ ಹೋದರೂ ತಪ್ಪಿಲ್ಲ. ಸೇವ್ ಫೈಲ್ ಮಾತ್ರ ಜೊತೆಗೆ ಬರುವುದಿಲ್ಲ, ಮನುಷ್ಯರನ್ನು ಹೊಸದಾಗಿ ಮಾಡಿಕೊಳ್ಳಬೇಕು.

ಯಾವ ಆಟ ಆರಿಸಿದರೂ ಪಾಳಿ ಮುಗಿಸುವ ಬಗೆ ಒಂದನ್ನು ರೂಢಿ ಮಾಡಿಕೊಳ್ಳಿ. ಬೆಳಿಗ್ಗೆ ಎಲ್ಲರೂ ಎದ್ದು ತಿಂಡಿಗೆ ಕೂರುವ ಹೊತ್ತಿಗೆ ನಿಲ್ಲಿಸಿ. ಜಗಳದ ನಡುವೆ, ಹೆರಿಗೆಯ ಹಿಂದಿನ ರಾತ್ರಿ ನಿಲ್ಲಿಸಬೇಡಿ. ಸೇವ್ ಆ್ಯಸ್ ಒತ್ತಿ ಸುತ್ತಿನ ಸಂಖ್ಯೆ ಹಾಕಿ ಹೊಸ ಹೆಸರಲ್ಲಿ ಸೇವ್ ಮಾಡಿ. ನೋಟ್‌ಬುಕ್ಕಿನಲ್ಲಿ ಆ ಮನೆಗೆ ಎರಡು ಸಾಲು ಬರೆಯಿರಿ. ಏನಾಯಿತು ಅನ್ನುವುದು ಒಂದು ಸಾಲು. ಮುಂದಿನ ಸಲ ಬಂದಾಗ ಮೊದಲು ಏನು ಮಾಡಬೇಕು ಅನ್ನುವುದು ಇನ್ನೊಂದು. ನನ್ನ ಪುಸ್ತಕದಲ್ಲಿ ಈಗ ಗಾತ್ ಮನೆಯ ಹೆಸರಿನ ಎದುರು ಇರುವ ಸಾಲು ಇದು: "ಅಲೆಕ್ಸಾಂಡರ್ ಹುಟ್ಟುಹಬ್ಬಕ್ಕೆ ಎರಡು ದಿನ ಇದೆ, ಕೇಕು ಬೆಲ್ಲಾನೇ ಮಾಡಲಿ."